ರಿಪೋರ್ಟಿನಲ್ಲಿ ‘ಟ್ಯೂಮರ್’ ಅಂತ ಬರೆದಿತ್ತು
(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತು ದಾಟಿದ ಮಹಿಳೆ. ಮನೆಯಲ್ಲೇ ಹೊಲಿಗೆ ಕೆಲಸ. ಭುಜದ ಮೇಲೆ ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಗಂಟು, ನೋವಿಲ್ಲ. ಸ್ಕ್ಯಾನ್ ಮಾಡಿಸಿದರು. ‘ಲಿಪೋಮಾ, ಬೆನೈನ್ ಟ್ಯೂಮರ್’ ಎಂದು ರಿಪೋರ್ಟ್ ಬಂತು. ಅವರ ಕಣ್ಣಿಗೆ ಬಿದ್ದದ್ದು ಕೊನೆಯ ಪದ ಮಾತ್ರ. ಗಂಡನಿಗೆ ಹೇಳಲಿಲ್ಲ. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಾಟ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ತನ್ನ ಚೀಟಿ ದುಡ್ಡು ಬಂದರೆ ಮಗಳ ಕೈಗೇ ಕೊಡಿ ಎಂದು ಪಕ್ಕದ ಮನೆಯವರಿಗೆ ಹೇಳಿಯೂ ಆಗಿತ್ತು! ಗಂಟನ್ನು ಎಷ್ಟು ಸಲ ಒತ್ತಿ ನೋಡಿಕೊಂಡಿದ್ದರೋ, ಸುತ್ತಲಿನ ಚರ್ಮ ಕೆಂಪಾಗಿತ್ತು.

ಕೌನ್ಸೆಲಿಂಗ್‌ಗೆಂದು ನನ್ನ ಹತ್ತಿರ ಬಂದಾಗ ಕೇಳಿದರು: “ಟ್ಯೂಮರ್ ಅಂದ್ರೆ ಕ್ಯಾನ್ಸರೇ ಅಲ್ವಾ ಮೇಡಂ?”

ಇಂಥ ಹೊತ್ತಲ್ಲಿ ಸುಮ್ನೆ ಧೈರ್ಯ ಹೇಳಿದರೆ ಸಾಲದು, ಅರ್ಥ ಬಿಡಿಸಿ ಹೇಳಬೇಕು. ಇದು ಲ್ಯಾಟಿನ್ ಪದ. ‘ಟ್ಯುಮೇರೆ’ ಅಂದರೆ ಊದಿಕೊಳ್ಳುವುದು. ಸುಮಾರು 2000 ವರ್ಷಗಳ ಹಿಂದೆ ರೋಮಿನಲ್ಲಿ ವೈದ್ಯಕೀಯದ ಬಗ್ಗೆ ಪುಸ್ತಕ ಬರೆದ ಸೆಲ್ಸಸ್ ಉರಿಯೂತದ ನಾಲ್ಕು ಲಕ್ಷಣ ಬರೆದಿಟ್ಟ: ರೂಬೊರ್, ಟ್ಯುಮೊರ್, ಕಲೊರ್, ಡೊಲೊರ್. ಅಂದರೆ ಕೆಂಪು, ಬಾವು, ಬಿಸಿ, ನೋವು. ಅವನ ಲೆಕ್ಕದಲ್ಲಿ ಕಾಲು ಉಳುಕಿ ಊದಿದರೂ ಅದು ಟ್ಯೂಮರೇ. ಈಗ ಡಾಕ್ಟರುಗಳು ಜೀವಕೋಶಗಳು ಮಿತಿಮೀರಿ ಬೆಳೆದು ಆದ ಗಡ್ಡೆಗೆ ಈ ಪದ ಜಾಸ್ತಿ ಬಳಸುತ್ತಾರೆ. ಅದರಲ್ಲಿ ಬೆನೈನ್ ಅಂದರೆ ಬೇರೆ ಅಂಗಗಳಿಗೆ ಹರಡದ್ದು. ಕ್ಯಾನ್ಸರ್ ಆದರೆ ಮ್ಯಾಲಿಗ್ನೆಂಟ್ ಅಂತ ಬರೆಯುತ್ತಾರೆ. ಲಿಪೋಮಾ ಬರೀ ಕೊಬ್ಬಿನ ಗಡ್ಡೆ. (ರಿಪೋರ್ಟ್ ಕೊಡುವಾಗಲೇ ಯಾರಾದರೂ ಇಷ್ಟು ಹೇಳಿದ್ದರೆ ನನ್ನ ಅರ್ಧ ಕೆಲಸ ಕಮ್ಮಿಯಾಗುತ್ತಿತ್ತು.)

“ಕೊಬ್ಬಿಗೆ ಇಷ್ಟು ದೊಡ್ಡ ಹೆಸರಾ?” ಅಂದರು. ಇಬ್ಬರಿಗೂ ನಗು ಬಂತು.

ನಾನು ಡಾಕ್ಟರಲ್ಲ. ಅದಕ್ಕೇ ಮೊದಲು ಹೇಳಿದ್ದು: ಇವತ್ತೇ ಗಂಡನಿಗೆ ವಿಷಯ ತಿಳಿಸಿ, ಇಬ್ಬರೂ ಸರ್ಜನ್ ಹತ್ತಿರ ಹೋಗಿ. ಕೇಳಬೇಕಾದ ಪ್ರಶ್ನೆಗಳನ್ನು ಅವರ ಅಳತೆ ಪುಸ್ತಕದಲ್ಲೇ ಬರೆಸಿದೆ. ಇದು ಲಿಪೋಮಾ ಅಂತ ಖಾತ್ರಿನಾ? ಇನ್ನೂ ಪರೀಕ್ಷೆ ಬೇಕಾ? ತೆಗೆಸಲೇಬೇಕಾ? ರಾತ್ರಿ ಊಟವಾದ ಮೇಲೆ ಮೊಬೈಲ್ ಹುಡುಕಾಟ ಬಂದ್. ಗಂಟು ಮುಟ್ಟಿ ನೋಡುವುದು ತಿಂಗಳಿಗೊಮ್ಮೆ, ಸ್ನಾನದ ಹೊತ್ತಿಗೆ. ಆದರೆ ಬೇಗ ಬೇಗ ದೊಡ್ಡದಾದರೆ, ಗಟ್ಟಿಯಾದರೆ, ನೋವು ಶುರುವಾದರೆ ಕಾಯದೆ ತೋರಿಸಿ ಅಂದೆ.

ಮುಂದಿನ ಭೇಟಿಗೆ ಗಂಡನೂ ಜೊತೆಗೆ ಬಂದರು. ತೆಗೆಸಲೇಬೇಕೆಂದಿಲ್ಲ ಅಂದರಂತೆ ಸರ್ಜನ್. ಆದರೆ ಇವರಿಗೆ ಬ್ಯಾಗಿನ ಪಟ್ಟಿ ತಾಗಿ ಕಿರಿಕಿರಿ. ದೀಪಾವಳಿ ಹೊಲಿಗೆ ಮುಗಿಸಿ ತೆಗೆಸಿಕೊಳ್ಳುತ್ತಾರಂತೆ.