ಸಂಪಾದಕರ ಉತ್ತರ: ಪದವಿ ಇದೆ, ಮತ ಎಲ್ಲಿ?

ಕೊಪ್ಪದ ಅಡಿಕೆ ಬೆಳೆಗಾರರೊಬ್ಬರ ಪತ್ರ: "2018ರಲ್ಲಿ ವಿಧಾನ ಪರಿಷತ್ತಿನ (ರಾಜ್ಯದ ಮೇಲ್ಮನೆಯ) ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದ್ದೆ. 2024ರಲ್ಲಿ ನನ್ನ ಹೆಸರೇ ಇರಲಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ನನ್ನ ಹೆಂಡತಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲವಂತೆ. ಪಕ್ಕದ ಮನೆಯ ಪಂಚಾಯಿತಿ ಸದಸ್ಯನಿಗೆ ಮಾತ್ರ ಪರಿಷತ್ತಿಗೆ ಮತವಿದೆ. ಇದು ಯಾವ ಲೆಕ್ಕ?"

ಮಾನ್ಯರೇ,

ವಿಧಾನಸಭೆಯ ಮತದಾರರ ಪಟ್ಟಿಗೆ ಒಮ್ಮೆ ಸೇರಿದ ಹೆಸರು ಸಾಮಾನ್ಯವಾಗಿ ಮುಂದುವರಿಯುತ್ತದೆ. ಪದವೀಧರರ ಮತ್ತು ಶಿಕ್ಷಕರ ಪಟ್ಟಿ ಹಾಗಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಹಿಂದೆ ಮತ ಹಾಕಿದವರೂ ನಮೂನೆ 18 ತುಂಬಿ, ಪದವಿ ಪತ್ರದ ಪ್ರತಿ ಲಗತ್ತಿಸಿ ಮತ್ತೆ ಅರ್ಜಿ ಕೊಡಬೇಕು. ಪಡೆದ ಪದವಿ ಆರು ವರ್ಷಕ್ಕೆ ಮಾಸಿಹೋಗುತ್ತದೆಯೇ ಎಂದು ನೀವು ಕೇಳಿದರೆ ನನ್ನಲ್ಲಿ ಸಮಜಾಯಿಷಿಯಿಲ್ಲ. ಕಳೆದ ಸಲ ಅರ್ಜಿ ಕರೆದದ್ದೂ ಅಕ್ಟೋಬರ್ ಹೊತ್ತಿಗೆ. ಮಲೆನಾಡಿನವರ ಕಣ್ಣು ಆಗ ಪತ್ರಿಕೆಯ ಮೇಲಿರುವುದಿಲ್ಲ, ಅಡಿಕೆ ಕೊನೆಯ ಮೇಲಿರುತ್ತದೆ.

ಇನ್ನು ಲೆಕ್ಕ. ವಿಧಾನಸಭೆಯ 224 ಸ್ಥಾನಗಳಿಗೆ ನಾವೆಲ್ಲರೂ ನೇರವಾಗಿ ಆರಿಸುತ್ತೇವೆ. ಅದರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಪಾಲು ಐದು. ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಶಾಸಕರೂ 25ನ್ನು ಸ್ಥಳೀಯ ಸಂಸ್ಥೆಗಳವರೂ ತುಂಬುತ್ತಾರೆ. ಹನ್ನೊಂದು ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಪದವೀಧರರಿಗೂ ಶಿಕ್ಷಕರಿಗೂ ಉಳಿಯುವುದು ಏಳೇಳು. ನಿಮ್ಮ ನೆರೆಯವರು ಚಿಕ್ಕಮಗಳೂರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಮತದಾರರು. ಅವರನ್ನು ಪಂಚಾಯಿತಿಗೆ ಕಳಿಸಿದವರು ನೀವೇ ಆದ್ದರಿಂದ, ಅಲ್ಲಿ ನಿಮ್ಮ ಮತ ಅವರ ಜೇಬಿನಲ್ಲಿದೆ ಎನ್ನಬಹುದು. ನೀವು ಸೇರುವುದು ನೈರುತ್ಯ ಪದವೀಧರ ಕ್ಷೇತ್ರಕ್ಕೆ. ಉಡುಪಿ, ದಕ್ಷಿಣ ಕನ್ನಡ, ಕೊಡಗು, ಶಿವಮೊಗ್ಗದವರೂ ಅದರಲ್ಲಿದ್ದಾರೆ. ಪಕ್ಕದ ಹಾಸನ ಮಾತ್ರ ಮೈಸೂರು ಕಡೆಯ ದಕ್ಷಿಣ ಕ್ಷೇತ್ರದಲ್ಲಿದೆ.

ನಿಮ್ಮ ಪತ್ನಿಯವರ ವಿಷಯ ನನಗೂ ನೋವಿನದು. ಪ್ರೌಢಶಾಲೆ ಮತ್ತು ಮೇಲಿನ ತರಗತಿಗಳಲ್ಲಿ, ಹಿಂದಿನ ಆರು ವರ್ಷಗಳ ಪೈಕಿ ಒಟ್ಟು ಮೂರು ವರ್ಷವಾದರೂ ಕಲಿಸಿದವರಿಗಷ್ಟೇ ಅಲ್ಲಿ ಮತ. ಅ, ಆ ತಿದ್ದಿಸಿದವರನ್ನು ಸಂವಿಧಾನವೇ ಹೊರಗಿಟ್ಟಿದೆ. ಅವರು ಪದವೀಧರೆಯಾಗಿದ್ದರೆ ನಿಮ್ಮ ಜೊತೆಗೇ ಅರ್ಜಿ ಕೊಡಲಿ.

ನನ್ನದೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಮತಪತ್ರದಲ್ಲಿ ಅಭ್ಯರ್ಥಿಯ ಮುಂದೆ ಅಚ್ಚುಕಟ್ಟಾಗಿ 'ಸರಿ' ಗುರುತು ಹಾಕಿ ಬಂದೆ. ಅಲ್ಲಿ ಬರೆಯಬೇಕಾದದ್ದು ಅಂಕಿ: ಮೊದಲ ಆಯ್ಕೆಗೆ 1, ಇಷ್ಟವಿದ್ದರೆ ಮುಂದಿನವರಿಗೆ 2, 3. ಅದೂ ಮತಗಟ್ಟೆಯಲ್ಲಿ ಕೊಟ್ಟ ಪೆನ್ನಿನಿಂದಲೇ. ಸಂಪಾದಕನ ಮತ ಕುಲಗೆಟ್ಟಿತು.

ಮುಂದಿನ ಸರದಿ 2030ಕ್ಕೆ. ಈಗಿನ ಕ್ರಮವೇ ಉಳಿದರೆ 2029ರ ದಸರಾ ಕಳೆಯುವಷ್ಟರಲ್ಲಿ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

- ಸಂ.