ರಾತ್ರಿ ಪಾಳಿಯ ಕರೆಂಟ್ ಮತ್ತು ಎದೆಯ ಮೇಲಿನ ಭಾರ: ಒಂದು ಆಪ್ತಸಲಹೆ ಪ್ರಕರಣ

ಬಾಗಲಕೋಟೆ ಜಿಲ್ಲೆಯಲ್ಲಿ ಆಪ್ತಸಲಹೆ ನೀಡುವ ನನ್ನ ಬಳಿಗೆ, ರಾತ್ರಿ ಎದೆಯ ಮೇಲೆ ಯಾರೋ ಬಂದು ಕೂರುತ್ತಾರೆಂಬ ದೂರು ಮತ್ತೆ ಮತ್ತೆ ಬರುತ್ತದೆ. ಅದರಲ್ಲೂ ಘಟಪ್ರಭೆಯ ದಂಡೆಯ ಕಬ್ಬಿನ ಊರುಗಳಿಂದ ಹೆಚ್ಚು. ಅವುಗಳಲ್ಲೊಂದನ್ನು, ಗುರುತು ಸಿಗುವ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮುಧೋಳದ ಕಡೆಯ ಯುವ ರೈತನೊಬ್ಬ ತಾಯಿಯೊಂದಿಗೆ ಬಂದಿದ್ದ. ಮಲಗಿದವನಿಗೆ ಎಚ್ಚರವಾಗುತ್ತದೆ, ಜಂತಿ, ಬಾಗಿಲು, ತಾಯಿ ಎಲ್ಲವೂ ಕಾಣುತ್ತವೆ. ಆದರೆ ಬೆರಳು ಅಲುಗದು, ದನಿ ಏಳದು, ಕಪ್ಪಗಿನದೇನೋ ಬಂದು ಎದೆಯನ್ನು ಒತ್ತುತ್ತದೆ. ಲಕ್ವಾ ಹೊಡೆಯಿತೆಂದು ಅಂಜಿ ವೈದ್ಯರೊಬ್ಬರಿಗೆ ತೋರಿಸಿದಾಗ, ‘ಏನೂ ಇಲ್ಲ, ಎಲ್ಲಾ ಭ್ರಮೆ’ ಎಂಬ ಉತ್ತರ ಬಂದಿತ್ತು. ಆ ಮೇಲೆ ಅವನು ಯಾರಿಗೂ ಹೇಳದೆ, ಮಲಗುವುದನ್ನೇ ಮುಂದೂಡತೊಡಗಿದ್ದ. ತೋಳಿಗೆ ತಾಯಿತ, ದಿಂಬಿನ ಕೆಳಗೆ ಕುಡಗೋಲು ಬಂದಿದ್ದವು.

ಮೊದಲ ಭೇಟಿಯಲ್ಲಿ ನಾನು ಹೇಳಿದ್ದು ಇಷ್ಟೆ: ನಿನಗಾಗುತ್ತಿರುವುದು ನಿಜ, ಅದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಎಂಬ ಹೆಸರಿದೆ, ಅದು ಲಕ್ವಾ ಅಲ್ಲ. 1953ರಲ್ಲಿ ವಿಜ್ಞಾನಿಗಳು ಗುರುತಿಸಿದ ಆರ್‌ಇಎಂ ನಿದ್ರೆಯಲ್ಲಿ, ಅಂದರೆ ಕನಸುಗಳು ದಟ್ಟವಾಗಿ ಬೀಳುವ ಹಂತದಲ್ಲಿ, ಕನಸಿನಂತೆ ದೇಹವೂ ಎದ್ದು ಓಡದಿರಲೆಂದು ಮಿದುಳು ಕೈಕಾಲುಗಳ ಸ್ನಾಯುಗಳನ್ನು ಸಡಿಲಗೊಳಿಸಿರುತ್ತದೆ. ಆ ಸಡಿಲಿಕೆ ಹೋಗುವ ಮೊದಲೇ ಮನಸ್ಸು ಎಚ್ಚೆತ್ತರೆ, ಕಣ್ಣು ತೆರೆದಿದ್ದರೂ ಕನಸು ಮುಂದುವರಿಯುತ್ತದೆ. ಪಕ್ಕೆಯ ಸ್ನಾಯುಗಳು ಸೋತಿರುವುದರಿಂದ ಎದೆ ಭಾರವೆನಿಸುತ್ತದೆಯಾದರೂ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಕೆಲಸ ಮಾಡುತ್ತಲೇ ಇರುವುದರಿಂದ ಉಸಿರು ನಿಲ್ಲುವುದಿಲ್ಲ. ಕೆಲವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವೇ ನಿಮಿಷಗಳಲ್ಲಿ ಅದು ತಾನಾಗಿಯೇ ಬಿಡುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ಒಂದು ವಿಮರ್ಶೆಯ ಪ್ರಕಾರ, ಜೀವನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸಿದವರು ಜನಸಾಮಾನ್ಯರಲ್ಲಿ ಸುಮಾರು ಶೇ. 8ರಷ್ಟು, ವಿದ್ಯಾರ್ಥಿಗಳಲ್ಲಿ ಶೇ. 28ರಷ್ಟು. ಮಗ ತಲೆಯಾಡಿಸಿದ, ತಾಯಿ ಒಪ್ಪಲಿಲ್ಲ. ಅಮಾವಾಸ್ಯೆಗೇ ಇದು ಆಗುತ್ತದೆಂಬುದು ಅವರ ನಂಬಿಕೆಯಾಗಿತ್ತು. ನಾನು ವಾದಕ್ಕಿಳಿಯದೆ, ಆದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರೆಂದೂ, ಹೊಲಕ್ಕೆ ರಾತ್ರಿ ಕರೆಂಟ್ ಬಂದ ವಾರಗಳನ್ನೂ ಅದರಲ್ಲೇ ಗೆರೆ ಎಳೆದು ತೋರಿಸಿರೆಂದೂ ಕೇಳಿಕೊಂಡೆ.

ಮುಂದಿನ ಭೇಟಿಗೆ ಆ ತಾಯಿ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದರು. ಆದ ದಿನಗಳಿಗೆ ಕುಂಕುಮದ ಬೊಟ್ಟು, ಕರೆಂಟಿನ ವಾರಗಳಿಗೆ ಮಗನ ನೀಲಿ ಪೆನ್ನಿನ ಗೆರೆ. ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿಯ ವಾರದಲ್ಲಿ ಅವನು ಕಬ್ಬಿಗೆ ನೀರು ತಿರುವುತ್ತ ಬೆಳಗಿನ ಜಾವದವರೆಗೆ ಬದುವಿನ ಮೇಲಿದ್ದು, ಬಂದು ಅಂಗಾತ ಬೀಳುತ್ತಿದ್ದ. ತಾಯಿ ಬೆರಳಿಟ್ಟು ಎಣಿಸಿ ಹೇಳಿದರು: “ಅಕ್ಕಾರ, ಅಮಾಸಿಗೆ ಒಂದ ಸಲ ಆಗೇತ್ರಿ. ಉಳದದ್ದೆಲ್ಲಾ ರಾತ್ರಿ ಕರೆಂಟ್ ಇದ್ದ ವಾರದಾಗ ಐತಲ್ರಿ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಆ ಹೊತ್ತಿನ್ಯಾಗ ನಾ ಇವನ್ನ ಮುಟ್ಟಬಹುದೇನ್ರಿ?” ಎಂದು ಕೇಳಿದರು. ಮುಟ್ಟಿದರೆ ಅದು ನಿನ್ನ ಮೈಮೇಲೆ ಬರುತ್ತದೆಂದು ಯಾರೋ ಹೆದರಿಸಿದ್ದರಿಂದ, ಮಗ ಕಣ್ಣು ಬಿಟ್ಟುಕೊಂಡು ಬಿದ್ದಿರುವಾಗ ಅವರು ಗೋಡೆಗೆ ಆತು ಕುಳಿತಿರುತ್ತಿದ್ದರು. ಮಗ ತಲೆ ಎತ್ತದೆ, “ಯವ್ವಾ, ನೀ ದೂರ ಕುಂತಿದ್ದು ನನಗ ಕಾಣತಿತ್ತು” ಎಂದ.

ಮುಟ್ಟಬೇಕು ಎಂದೆ. ಕಾಲು ಹಿಡಿದು ಅಲುಗಿಸಿ ಹೆಸರು ಹಿಡಿದು ಕರೆದರೆ ಅನೇಕರಿಗೆ ಕಟ್ಟು ಬೇಗ ಬಿಡುತ್ತದೆ. ಮಗನಿಗೆ, ಇಡೀ ಮೈಯನ್ನು ಎಳೆದಾಡದೆ, ಒಂದು ಕಾಲ್ಬೆರಳನ್ನಷ್ಟೇ ಅಲುಗಿಸಲು ಯತ್ನಿಸುತ್ತ ಉಸಿರನ್ನು ಗಮನಿಸಲು ಹೇಳಿದೆ. ಮಗ್ಗುಲಾಗಿ ಮಲಗುವುದು, ಕೊನೆಯ ಸರದಿಯ ಚಹಾ ಬಿಡುವುದು, ರಾತ್ರಿಯ ವಾರದಲ್ಲಿ ಹಗಲಿನ ನಿದ್ರೆಗೆ ಕತ್ತಲು ಮಾಡಿದ ಕೋಣೆ ಮತ್ತು ದಿನವೂ ಅದೇ ಹೊತ್ತು, ಸಾಧ್ಯವಾದರೆ ಅಣ್ಣನೊಂದಿಗೆ ರಾತ್ರಿಗಳನ್ನು ಹಂಚಿಕೊಳ್ಳುವುದು ಉಳಿದ ಸಲಹೆಗಳು.

ತಾಯಿತವನ್ನು ತೆಗೆಸಲಿಲ್ಲವೇಕೆಂದು ಸಹೋದ್ಯೋಗಿಗಳು ನನ್ನನ್ನು ಆಕ್ಷೇಪಿಸಿದ್ದಾರೆ. ತಾಯಿತ ಅವನ ನಿದ್ರೆಯನ್ನು ಕೆಡಿಸುತ್ತಿರಲಿಲ್ಲ. ಮೊದಲ ದಿನವೇ ಅದನ್ನು ಕಿತ್ತುಹಾಕೆಂದಿದ್ದರೆ ಆ ತಾಯಿ ಕ್ಯಾಲೆಂಡರ್ ಹಿಡಿದು ಮರಳಿ ಬರುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ. ಆದರೆ ಅಮಾವಾಸ್ಯೆಗಳಂದು ಅವನನ್ನು ರಾತ್ರಿಯಿಡೀ ಜಾಗರಣೆ ಕೂರಿಸುವ ಏರ್ಪಾಡನ್ನು ಮಾತ್ರ ಖಡಾಖಂಡಿತವಾಗಿ ಬೇಡವೆಂದೆ. ನಿದ್ರೆಗೆಟ್ಟ ಮೈಗೆ ಆಮೇಲೆ ಕನಸಿನ ನಿದ್ರೆ ಬೇಗನೆ, ಜೋರಾಗಿ ಆವರಿಸಬಹುದಾದ್ದರಿಂದ, ಆ ಪರಿಹಾರವೇ ತೊಂದರೆಯನ್ನು ಕರೆತರುತ್ತಿತ್ತು. ಕುಡಗೋಲನ್ನೂ ದಿಂಬಿನ ಕೆಳಗಿನಿಂದ ತೆಗೆಸಿದೆ, ಗಾಬರಿಯಲ್ಲಿ ಎದ್ದವನ ಕೈಗೆ ಅದು ಸಿಗಬಾರದೆಂಬ ಒಂದೇ ಕಾರಣಕ್ಕೆ.

ರಾತ್ರಿಯ ವಾರಗಳಲ್ಲಿ ಅವನಿಗೆ ಈಗಲೂ ಒಮ್ಮೊಮ್ಮೆ ಆಗುತ್ತದೆ, ಆದರೆ ಮಲಗಲು ಅಂಜುವುದಿಲ್ಲ. ಹಗಲಿನಲ್ಲಿ ಕುಳಿತಲ್ಲೇ ತಡೆಯಲಾಗದ ನಿದ್ರೆ ಬರುತ್ತಿದ್ದರೆ, ನಕ್ಕಾಗ ಮೊಣಕಾಲು ಕುಸಿಯುತ್ತಿದ್ದರೆ, ಅಥವಾ ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ ಆಪ್ತಸಲಹೆಯಷ್ಟೇ ಸಾಲದು, ನರರೋಗ ಅಥವಾ ನಿದ್ರಾ ತಜ್ಞರನ್ನು ಕಾಣಲೇಬೇಕು. ಅಂಜಿಕೆಯಿಂದ ರಾತ್ರಿಗಳೇ ಬೇಡವೆನ್ನಿಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.