ಬಣ್ಣ ಆಮೇಲೆ, ಮೊದಲು ಬುನಾದಿ ನೋಡಿ

ಓದುಗರ ಪತ್ರ: ಕಂಪ್ಲಿಯ ಹೊಳೆದಂಡೆಯ ನಮ್ಮ ಸರ್ಕಾರಿ ಶಾಲೆಯೊಳಗೆ ಈ ಸಲದ ನೆರೆಯಲ್ಲಿ ಎರಡಡಿ ನೀರು ನಿಂತಿತ್ತು. ಕಿಟಕಿ ಮೂಲೆಗಳಿಂದ ಗೋಡೆ ಓರೆಯಾಗಿ ಬಿರಿದಿದೆ. ಗಿಲಾವು ಮಾಡಿ ಬಣ್ಣ ಹೊಡೆದರೆ ಹದಿನೈದು ದಿನಕ್ಕೆ ಶಾಲೆ ತೆರೆಯಬಹುದು ಎನ್ನುತ್ತಾರೆ ಗುತ್ತಿಗೆದಾರರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಒಪ್ಪಬಹುದೇ?

ಸಂಪಾದಕರ ಉತ್ತರ: ದಯವಿಟ್ಟು ಒಪ್ಪಬೇಡಿ. ಓರೆ ಬಿರುಕು ಎಂದರೆ ಸಾಮಾನ್ಯವಾಗಿ ಬುನಾದಿ ಒಂದು ಕಡೆ ಕುಸಿದಿದೆ, ಇಲ್ಲವೇ ಎದ್ದಿದೆ. ನಿಮ್ಮದು ಎರೆಭೂಮಿ. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನೆರೆ ಇಳಿದ ಮೇಲೆ ಕಟ್ಟಡದ ಅಂಚಿನ ಮಣ್ಣು ಮೊದಲು ಒಣಗುತ್ತದೆ, ನಡುವಿನದು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಹೀಗಾಗಿ ಗೋಡೆ ಇನ್ನೂ ಅಲುಗಾಡುತ್ತಲೇ ಇರುತ್ತದೆ. ಈಗ ಮಾಡಿದ ಗಿಲಾವು ಬೇಸಿಗೆ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಸೀಳುತ್ತದೆ. ಹಸಿ ಗೋಡೆಗೆ ಹೊಡೆದ ಬಣ್ಣ ಉಪ್ಪು ಬಿಟ್ಟು ಉದುರುತ್ತದೆ.

ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಅಲುಗಾಡಿದೆ ಎಂದರ್ಥ. ಬಿರುಕು 5 ಮಿ.ಮೀ. ಮೀರಿದ್ದರೆ ಅಥವಾ ತೂಗುಗುಂಡು ಬಿಟ್ಟಾಗ ಗೋಡೆ ವಾಲಿದ್ದು ಕಂಡರೆ, ಇಂಜಿನಿಯರ್ ಲಿಖಿತವಾಗಿ ಒಪ್ಪಿಗೆ ಕೊಡುವವರೆಗೆ ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ಮಣ್ಣಿನ ಗುಣ ತಿಳಿಯಲು ಸರಳ ಪರೀಕ್ಷೆಯೊಂದಿದೆ. ಬುನಾದಿ ಆಳದ ಮಣ್ಣನ್ನು ಒಣಗಿಸಿ, 425 ಮೈಕ್ರಾನ್ ಜರಡಿ ಹಿಡಿದು, 100 ಮಿ.ಲೀ.ನ ಎರಡು ಅಳತೆ ಜಾಡಿಗಳಿಗೆ 10 ಗ್ರಾಂನಂತೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಜಾಡಿಯ ಮಣ್ಣಿನ ಮಟ್ಟ ಸೀಮೆಎಣ್ಣೆ ಜಾಡಿಯ ಮಟ್ಟದ ಒಂದೂವರೆ ಪಟ್ಟು ಮೀರಿದ್ದರೆ ಮಾಮೂಲಿ ಪಾಯ ಸಾಲದು. ಪ್ರಯೋಗಾಲಯದ ವರದಿಯನ್ನೂ ಕೇಳಿ ಪಡೆಯಿರಿ.

ಹೊಸ ಕೋಣೆ ಕಟ್ಟುವುದಾದರೆ ಬುಡ ಅಗಲಿಸಿದ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಕೇಳಿ. ಆಳ ಸುಮಾರು 3.5 ಮೀಟರ್, ಬುಡದ ಉಬ್ಬು ಕಂಬದ ಅಗಲದ ಎರಡೂವರೆ ಪಟ್ಟು. ಮೋಸ ನಡೆಯುವುದು ಇಲ್ಲೇ: ಬುಡ ಅಗಲಿಸದೆ ನೇರ ಗುಂಡಿಗೆ ಕಾಂಕ್ರೀಟ್ ಸುರಿದುಬಿಡುತ್ತಾರೆ. ಪ್ರತಿ ಗುಂಡಿಗೆ ಎಷ್ಟು ಕಾಂಕ್ರೀಟ್ ಹೋಯಿತೆಂದು ಬರೆದಿಡಿ. ಲೆಕ್ಕಕ್ಕಿಂತ ಕಡಿಮೆ ಹಿಡಿದರೆ ಕೆಲಸ ನಿಲ್ಲಿಸಿ. ಪೈಲ್‌ಗಳ ಮೇಲೆ ಗೋಡೆ ಹೊರುವ ಪ್ಲಿಂತ್ ಬೀಮ್ ನೆಲಕ್ಕೆ ತಾಗಬಾರದು, ಕೆಳಗೆ ಕನಿಷ್ಠ 80 ಮಿ.ಮೀ. ಖಾಲಿ ಇರಲಿ. ತೋಡಿದ ಎರೆಮಣ್ಣನ್ನೇ ಒಳಗೆ ತುಂಬಿದರೆ ನೆಲ ಉಬ್ಬಿ ಫರ್ಶಿ ಏಳುತ್ತದೆ. ಮರಂ (ಗರಸು ಮಣ್ಣು) ತರಿಸಿ, 15 ಸೆಂ.ಮೀ. ಪದರಗಳಲ್ಲಿ ನೀರು ಹಾಯಿಸಿ ದಮ್ಮಸ್ಸು ಮಾಡಿಸಿ.

ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗೆಲ್ಲ ಗಂಗಾವತಿ ಕಡೆಯ ಸೇತುವೆ ಮುಳುಗುವ ಊರು ನಿಮ್ಮದು. ಹೊಸ ನೆಲ ಮತ್ತು ಸ್ವಿಚ್ ಬೋರ್ಡು ಎರಡೂ ಇದುವರೆಗಿನ ಅತಿ ಎತ್ತರದ ನೆರೆ ಗುರುತಿಗಿಂತ ಮೇಲಿರಲಿ.

ನೀರಿನ ತೊಟ್ಟಿಯ ಕೆಸರು ತೆಗೆದು ಉಜ್ಜಿ ತೊಳೆಯಿರಿ. ಸಾವಿರ ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪುಡಿ ಬೆರೆಸಿ 12 ಗಂಟೆ ಬಿಟ್ಟು, ಪೂರ್ತಿ ಖಾಲಿ ಮಾಡಿ. ನೆನೆದ ಬಿಸಿಯೂಟದ ಅಕ್ಕಿಯನ್ನು ಒಣಗಿಸಿ ಬಳಸಲೇಬೇಡಿ.

ಕಟ್ಟಡ ಸರಿಯಾಗುವವರೆಗೆ ತರಗತಿಗಳನ್ನು ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ನಡೆಸಿ. ಶಿಕ್ಷಣ ಹಕ್ಕಿನ ನಿಯಮದಂತೆ ಐದನೇ ತರಗತಿವರೆಗಿನ ಮಕ್ಕಳಿಗೆ ಶಾಲೆ 1 ಕಿ.ಮೀ. ಒಳಗಿರಬೇಕು. ದೂರದ ಶಾಲೆಗೆ ಸೇರಿಸುತ್ತೇವೆ ಎಂದರೆ ಇದನ್ನೇ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಹಾಜರಿ ಪುಸ್ತಕ ನಿಮ್ಮ ಶಾಲೆಯ ಹೆಸರಿನಲ್ಲೇ ಮುಂದುವರಿಯಲಿ.